15 ವರ್ಷದ ಆಲ್ಟೊ, ಉದ್ಯಾವರದ ಉಪ್ಪುಗಾಳಿ, ಒಂದು ಎಫ್‌ಸಿ

ನಮ್ಮ ಆಲ್ಟೊ ರಿಜಿಸ್ಟರ್ ಆದದ್ದು 2010ರ ಜುಲೈಯಲ್ಲಿ. ಉಡುಪಿಯ ಕೆಎ-20 ನಂಬರು. ನಾನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು 2017ರಲ್ಲಿ. ಆರ್‌ಸಿ ಮುಗಿಯುವ ದಿನ 18-7-2025. ಬಿಳಿ ಬೋರ್ಡಿನ ಕಾರಿಗೆ ಮೊದಲ ಆರ್‌ಸಿ 15 ವರ್ಷಕ್ಕೆ. ಆಮೇಲೆ ಗಾಡಿ ತೋರಿಸಿ ಪಾಸ್ ಆದರೆ 5 ವರ್ಷ ಸಿಗುತ್ತದೆ.

ಬಾವನದ್ದು ಹಳದಿ ಬೋರ್ಡಿನ ಓಮ್ನಿ, 2014ರ ಮಾಡೆಲ್. ಬಾಡಿಗೆ ಗಾಡಿಗೆ 8 ವರ್ಷ ಆಗುವವರೆಗೆ 2 ವರ್ಷಕ್ಕೊಮ್ಮೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್), ನಂತರ ಪ್ರತಿ ವರ್ಷ. ಹಾಗಾಗಿ ಅವರು 2022ರಿಂದ ಪ್ರತಿ ವರ್ಷ ಹೋಗುತ್ತಿದ್ದಾರೆ. 4 ಸಲದಲ್ಲಿ 2 ಸಲ ಮೊದಲ ದಿನವೇ ಪಾಸ್. ಒಂದು ಸಲ ಹೆಡ್‌ಲೈಟಿಗೆ, ಒಂದು ಸಲ ಹಿಂದಿನ ರಿಫ್ಲೆಕ್ಟರ್ ಸ್ಟಿಕ್ಕರಿಗೆ ವಾಪಸ್ ಕಳಿಸಿದ್ದಾರೆ. ಎಂಜಿನ್‌ಗೆ ಒಂದು ಸಲವೂ ಇಲ್ಲ. ಇದನ್ನು ಅವರು ಏಪ್ರಿಲ್‌ನಲ್ಲೇ ಹೇಳಿದ್ದರು. ನಾನು ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

ಬ್ರೋಕರ್ ಒಬ್ಬರು 45 ಸಾವಿರಕ್ಕೆ ಕೇಳಿದರು. ಕೊಡಲು ಮನಸ್ಸು ಬರಲಿಲ್ಲ. ಅಮ್ಮ 52ನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತದ್ದು ಇದೇ ಕಾರಿನಲ್ಲಿ. ಈಗಲೂ ಕಟಪಾಡಿಗೆ ಮೀನಿಗೆ ಹೋಗುವುದು ಇದರಲ್ಲೇ. ಬೇರೆ ಕಾರು ಮುಟ್ಟುವುದಿಲ್ಲ.

ಏಪ್ರಿಲ್ 6, ಭಾನುವಾರ: ಬಾವ ಮಾಡಿದ ಪರೀಕ್ಷೆ

ಬಾವ ಬಂದು ಅರ್ಧ ಗಂಟೆ ಸುತ್ತು ಹಾಕಿದರು. ಟಯರ್ ಮುಂದಿನದ್ದು ಪರವಾಗಿಲ್ಲ. ಹಿಂದಿನ ಎರಡರಲ್ಲೂ ಗೆರೆಗಳ ನಡುವೆ ಇರುವ ಸಣ್ಣ ದಿಣ್ಣೆ ಮೇಲ್ಮೈಗೆ ಸಮ ಬಂದಿತ್ತು. ಆ ದಿಣ್ಣೆ ಇರುವುದೇ 1.6 ಮಿ.ಮೀ. ಎತ್ತರದಲ್ಲಿ. ಅದಕ್ಕಿಂತ ಕಡಿಮೆ ಆದರೆ ಟಯರ್ ಹಾಕಲೇಬೇಕು. 145/80 ಆರ್12, ಎರಡಕ್ಕೆ 5,900 ರೂ. ಇದರಲ್ಲಿ ಚರ್ಚೆ ಇಲ್ಲ, ಅದೇ ವಾರ ಹಾಕಿಸಿದೆ.

ಹ್ಯಾಂಡ್ ಬ್ರೇಕ್ 10 ಕ್ಲಿಕ್ ಮೇಲೆ ಹೋಗುತ್ತಿತ್ತು. ನಾನೇ ಲಿವರ್ ಕೆಳಗಿನ ನಟ್ ಬಿಗಿ ಮಾಡಿದೆ. 5 ಕ್ಲಿಕ್‌ಗೆ ಬಂತು. ಪುಸ್ತಕದಲ್ಲಿ ‘ಆಯ್ತು’ ಅಂತ ಗೆರೆ ಹಾಕಿದೆ. ಈ ಇಡೀ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದು. ಗೊತ್ತಾದದ್ದು ಎರಡು ತಿಂಗಳ ಮೇಲೆ.

ಹೋಗುವಾಗ ಬಾವ ಡ್ರೈವರ್ ಸೀಟಿನ ಮುಂದೆ ಕಾಲಿಟ್ಟು ಎರಡು ಸಲ ಒತ್ತಿದರು. “ಮ್ಯಾಟ್ ಎತ್ತಿ ನೋಡಿದ್ದೀಯಾ ಮಾರಾಯ? ಕೆಳಗೆ ಮೆತ್ತಗೆ ಉಂಟಲ್ಲ” ಅಂದರು.

ಏಪ್ರಿಲ್ 13, ಭಾನುವಾರ: ಮ್ಯಾಟ್ ಕೆಳಗೆ

ಡ್ರೈವರ್ ಸೀಟಿನ 4 ಬೋಲ್ಟ್ ಬಿಚ್ಚಿ ಸೀಟ್ ಹೊರಗಿಟ್ಟೆ. ರಬ್ಬರ್ ಮ್ಯಾಟ್ ತೆಗೆದೆ. ಅದರಡಿಯ ಕಾರ್ಪೆಟ್ ಎತ್ತಿದಾಗ ಬಂದ ವಾಸನೆ ಇನ್ನೂ ನೆನಪಿದೆ. ಮಳೆಗಾಲದಲ್ಲಿ ಒಣಗದ ಗೋಣಿಚೀಲದ ವಾಸನೆ. ಏಪ್ರಿಲ್ ತಿಂಗಳು, ಹೊರಗೆ ಸುಡುಬಿಸಿಲು, ಕಾರ್ಪೆಟ್ ಅಡಿಯ ಫೆಲ್ಟ್ ಹಿಂಡಿದರೆ ನೀರು ಬರುತ್ತಿತ್ತು.

ಫೆಲ್ಟ್ ಕಿತ್ತೆ. ಅದರ ಬೆನ್ನಿಗೆ ತುಕ್ಕು ಪದರ ಪದರವಾಗಿ ಎದ್ದು ಬಂತು, ಒಣ ತೆಂಗಿನ ಹಾಳೆಯ ಹಾಗೆ. ಕ್ಲಚ್ ಪೆಡಲ್ ಹತ್ತಿರ ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲ ಒತ್ತಿದೆ. ಶಬ್ದವೂ ಆಗದೆ ಒಳಗೆ ಹೋಯಿತು. ಬಗ್ಗಿ ನೋಡಿದರೆ ತೂತಿನಲ್ಲಿ ಅಂಗಳದ ಜಲ್ಲಿ ಕಾಣುತ್ತಿತ್ತು. ಅಮ್ಮ ಎಂಟು ವರ್ಷದಿಂದ ಕಾಲಿಡುವ ಜಾಗ ಅದು. ಸ್ವಲ್ಪ ಹೊತ್ತು ಅಲ್ಲೇ ಕುಳಿತೆ.

ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಗಟ್ಟಿ ತಗಡು ಎಲ್ಲಿಂದ ಶುರು ಅಂತ ಚಾಕ್‌ನಲ್ಲಿ ಗುರುತು ಮಾಡಿದೆ. ಹೋದ ಜಾಗ 32 ಸೆಂ.ಮೀ. ಉದ್ದ, 24 ಸೆಂ.ಮೀ. ಅಗಲ. ಅದೇ ಬದಿಯ ರನ್ನಿಂಗ್ ಬೋರ್ಡ್ (ಬಾಗಿಲಿನ ಅಡಿಯ ಉದ್ದ ಪಟ್ಟಿ) ಕೆಳಗೆ ಇನ್ನೊಂದು ಅಂಗೈಯಷ್ಟು. ಎಡಬದಿ ಮೇಲ್ಮೈ ತುಕ್ಕು ಮಾತ್ರ, ತಗಡು ಗಟ್ಟಿ ಇತ್ತು.

ಉದ್ಯಾವರದ ನಮ್ಮ ಮನೆಗೆ ಸಮುದ್ರ ಒಂದೂವರೆ ಕಿಲೋಮೀಟರ್. ಕೆಲಸಕ್ಕೆ ಹೋಗುವುದು ಹೆದ್ದಾರಿ 66ರಲ್ಲಿ. ಮೀನಿನ ಲಾರಿಗಳಿಂದ ಸುರಿಯುವ ಉಪ್ಪುನೀರು ರಸ್ತೆಯಲ್ಲಿ ಯಾವಾಗಲೂ ಇರುತ್ತದೆ. ಹಿಂದೆ ಹೋದರೆ ಕಾರಿನ ಅಡಿಗೆಲ್ಲ ಹಾರುತ್ತದೆ. ಇಷ್ಟು ವರ್ಷದಲ್ಲಿ ನಾನು ಮೇಲಿನ ಬಣ್ಣಕ್ಕೆ ವ್ಯಾಕ್ಸ್ ಹಾಕಿದ್ದೇನೆ, ಅಡಿಗೆ ಒಂದು ಸಲವೂ ನೀರು ಹೊಡೆದಿರಲಿಲ್ಲ.

ಏಪ್ರಿಲ್ 14, ಬಿಸು (ತುಳುವರ ಹೊಸ ವರ್ಷ) ರಜೆ: ಪುಟ್ಟಿ ಹಾಕಿ ಹಾಳು ಮಾಡಿದ್ದು

ತಂತಿ ಬ್ರಷ್‌ನಲ್ಲಿ ಉಜ್ಜಿ, ಫೈಬರ್ ಬಟ್ಟೆ ಇಟ್ಟು, ಎಪಾಕ್ಸಿ ಪುಟ್ಟಿ ಮೆತ್ತಿದೆ. 640 ರೂ. ಸಂಜೆಗೆ ಕಲ್ಲಿನ ಹಾಗೆ ಗಟ್ಟಿಯಾಯಿತು. ಮೇಲೆ ಕಪ್ಪು ಬಣ್ಣ ಹೊಡೆದ ಮೇಲೆ ತೂತು ಇತ್ತು ಅಂತ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮರುದಿನ ಬಾವ ಬಂದು ಅದರ ಮೇಲೆ ಹಿಮ್ಮಡಿ ಊರಿ ನಿಂತರು. ಒಂದು ಅಂಚಿನಲ್ಲಿ ಟಕ್ ಅಂತ ಎದ್ದಿತು. ಸುತ್ತಲಿನ ತಗಡೇ ತೆಳ್ಳಗಾಗಿದೆ, ಪುಟ್ಟಿ ಹಿಡಿಯುವುದು ಯಾವುದನ್ನು? ಅವರು ಹೇಳಿದ ಮಾತು ಹಾಗೇ ಬರೆಯುತ್ತೇನೆ: “ಬ್ರೇಕ್ ಇನ್ಸ್‌ಪೆಕ್ಟರ್ ನೋಡದೇ ಇರಬಹುದು. ಆಕ್ಸಿಡೆಂಟ್ ಆದರೆ ಸೀಟ್ ನಿಲ್ಲುವುದು ಈ ತಗಡಿನ ಮೇಲೆ. ಅಕ್ಕನನ್ನು ಕೂರಿಸಿಕೊಂಡು ಹೋಗ್ತೀಯಲ್ಲ?” ಎಲ್ಲ ಕಿತ್ತು ತೆಗೆದೆ. ಕೀಳಲು ಹಾಕಿದ್ದಕ್ಕಿಂತ ಜಾಸ್ತಿ ಹೊತ್ತು ಬೇಕಾಯಿತು.

ಏಪ್ರಿಲ್ 27, ಭಾನುವಾರ: ನೀರು ಎಲ್ಲಿಂದ?

ತೂತು ಕೆಳಗಿರುವುದರಿಂದ ನೀರು ಕೆಳಗಿನಿಂದ ಬಂದಿದೆ ಅಂತಲೇ ಅಂದುಕೊಂಡಿದ್ದೆ. ಆದರೆ ಫೆಲ್ಟ್ ಮೇಲ್ಭಾಗವೂ ನೆನೆದಿತ್ತಲ್ಲ. ವೆಲ್ಡಿಂಗ್‌ಗೆ ಕೊಡುವ ಮೊದಲು ಇದನ್ನು ಪತ್ತೆ ಮಾಡಬೇಕು, ಇಲ್ಲದಿದ್ದರೆ ಹೊಸ ತಗಡೂ ಹೋಗುತ್ತದೆ.

ಒಳಗೆ ನೆಲಕ್ಕೆ ಹಳೆಯ ಉದಯವಾಣಿ ಹಾಸಿದೆ. ಅಕ್ಕನ ಮಗ ಟಾರ್ಚ್ ಹಿಡಿದು ಒಳಗೆ ಮಲಗಿದ. ನಾನು ಹೊರಗಿನಿಂದ ಚೊಂಬಿನಲ್ಲಿ ಒಂದೊಂದೇ ಜಾಗಕ್ಕೆ ನೀರು ಹಾಕಿದೆ. ಬಾಗಿಲ ರಬ್ಬರ್, ಇಲ್ಲ. ಗಾಜಿನ ಅಂಚು, ಇಲ್ಲ. ವೈಪರ್ ಕೆಳಗಿನ ಜಾಲರಿಗೆ ಎರಡು ಚೊಂಬು ಹಾಕಿದೆ, ಒಂದು ನಿಮಿಷ ಏನೂ ಇಲ್ಲ. ಆಮೇಲೆ ಒಳಗಿನಿಂದ “ಮಾವ, ಬಂತು ಬಂತು” ಅಂತ ಕೂಗಿದ.

ಜಾಲರಿ ಬಿಚ್ಚಿದರೆ ಒಳಗೆ ಎರಡು ಮುಷ್ಟಿ ಕೊಳೆತ ಎಲೆ. ಕಾರು ನಿಲ್ಲಿಸುವುದು ಹಲಸಿನ ಮರದ ಅಡಿಯಲ್ಲಿ. ನೀರು ಹೊರಗೆ ಹೋಗುವ ದಾರಿ ಕಟ್ಟಿತ್ತು. ತುಂಬಿದ ನೀರು ಬ್ಲೋವರ್ ದಾರಿಯಲ್ಲಿ ಒಳಗೆ ಇಳಿದು ಫೆಲ್ಟಿಗೆ ಸೇರುತ್ತಿತ್ತು. ಎಲೆ ತೆಗೆದು, ಸೈಕಲ್ ಬ್ರೇಕಿನ ತಂತಿ ತೂರಿಸಿ ದಾರಿ ಬಿಡಿಸಿದೆ. ನಾಲ್ಕು ಬಾಗಿಲ ಅಡಿಯ ತೂತುಗಳನ್ನೂ ಅದೇ ತಂತಿಯಲ್ಲಿ ಬಿಡಿಸಿದೆ. ಖರ್ಚು ಸೊನ್ನೆ. ಇಡೀ ತೊಂದರೆಯ ಬುಡ ಇಲ್ಲೇ ಇತ್ತು. ವರ್ಷಕ್ಕೆ ಒಂದು ಸಲ ಆ ಜಾಲರಿ ಬಿಚ್ಚಿದ್ದರೆ ಮುಂದೆ ಬರೆಯುವ ಖರ್ಚಿನಲ್ಲಿ ಅರ್ಧದಷ್ಟು ಇರುತ್ತಿರಲಿಲ್ಲ.

ಮೇ 3: ಮೊದಲ ವೆಲ್ಡಿಂಗ್, ಕೆಟ್ಟದ್ದು

ಹತ್ತಿರದ ಒಂದು ಅಂಗಡಿಯಲ್ಲಿ ಕಡಿಮೆಗೆ ಆಗುತ್ತದೆ ಅಂದರು. ಗೇಟು, ಗ್ರಿಲ್ ಮಾಡುವ ಅಂಗಡಿ. ರಾಡ್ ವೆಲ್ಡಿಂಗ್. ಕಾರಿನ ನೆಲದ ತಗಡು ಒಂದು ಮಿ.ಮೀ. ಕೂಡ ಇಲ್ಲ. ರಾಡ್ ಮುಟ್ಟಿಸಿದ ಕಡೆಯೆಲ್ಲ ತಗಡು ಕರಗಿ ಹೊಸ ತೂತು ಬಿತ್ತು. ಅರ್ಧಕ್ಕೆ ನಿಲ್ಲಿಸಲು ಹೇಳಿದೆ. 1,200 ರೂ. ಕೊಟ್ಟೆ. ಕೆಲಸ ಮಾಡಿದವರದ್ದು ತಪ್ಪಲ್ಲ, ಅವರ ಯಂತ್ರ ದಪ್ಪ ಕಬ್ಬಿಣಕ್ಕೆ. ಕೇಳದೇ ಕೊಟ್ಟದ್ದು ನನ್ನ ತಪ್ಪು.

ಮೇ 9ರಿಂದ 12: ಎರಡನೇ ವೆಲ್ಡಿಂಗ್

ಈ ಸಲ ಟಿಂಕರಿಂಗ್ ಶೆಡ್ಡಿಗೆ ಹೋದೆ, ತೆಳು ತಗಡು ಬೆಸೆಯುವ ಸಿಒಟು ವೆಲ್ಡಿಂಗ್ ಇರುವಲ್ಲಿ. ಅಲ್ಲಿನ ಅಣ್ಣ ಮೊದಲು ಮಾಡಿದ ಕೆಲಸ ಬ್ಯಾಟರಿಯ ನೆಗೆಟಿವ್ ಬಿಚ್ಚಿದ್ದು. ಇಸಿಎಂ (ಎಂಜಿನ್ನಿನ ಕಂಪ್ಯೂಟರ್) ಸುಟ್ಟರೆ ತಗಡಿನ ಹತ್ತು ಪಟ್ಟು ಖರ್ಚು ಅಂದರು. ಪೆಟ್ರೋಲ್ ಪೈಪ್, ಬ್ರೇಕ್ ಪೈಪ್ ಕಾರಿನ ಅಡಿಯಲ್ಲೇ ಹೋಗುತ್ತವೆ. ಅವುಗಳ ಕ್ಲಿಪ್ ಬಿಡಿಸಿ, ಒದ್ದೆ ಗೋಣಿ ಸುತ್ತಿ ಆಚೆ ಕಟ್ಟಿದರು. ಪಕ್ಕದಲ್ಲಿ ಎರಡು ಬಕೆಟ್ ನೀರು.

ಹಾಳಾದ ತಗಡನ್ನು ನಾನು ಚಾಕ್ ಹಾಕಿದ ಗೆರೆಗಿಂತ ಎರಡು ಬೆರಳು ಹೊರಗೆ ಕತ್ತರಿಸಿದರು. 20 ಗೇಜ್ ತಗಡು, ಅಳತೆಗೆ ಬಡಿದು ಮೂಲ ನೆಲದ ಉಬ್ಬು ತಗ್ಗುಗಳನ್ನೇ ಮಾಡಿದರು. ಒಂದೇ ಸಮನೆ ಬೆಸೆಯಲಿಲ್ಲ. ಒಂದು ಮೂಲೆಗೆ ಚುಕ್ಕಿ, ಎದುರು ಮೂಲೆಗೆ ಚುಕ್ಕಿ, ಮತ್ತೆ ನಡುವೆ. ಒಂದೇ ಕಡೆ ಬಿಸಿಯಾದರೆ ತಗಡು ಸೊಟ್ಟ ಆಗುತ್ತದಂತೆ. ರನ್ನಿಂಗ್ ಬೋರ್ಡಿಗೂ ಹಾಗೇ. ಕೊನೆಗೆ ಗ್ರೈಂಡರ್ ಹಾಕಿ, ಒಳಗಿನಿಂದ ಬಲ್ಬ್ ಹಿಡಿದು ಹೊರಗೆ ಬೆಳಕು ಬರುತ್ತದಾ ನೋಡಿದರು. ಎರಡು ಕಡೆ ಸೂಜಿಮೊನೆಯಷ್ಟು ಬಂತು. ಅದನ್ನೂ ಮುಚ್ಚಿದರು. ಮೂರು ದಿನದ ಕೆಲಸ, 6,800 ರೂ. ಕೊಟ್ಟದ್ದು ಸಾರ್ಥಕ.

ಮೇ 18ರಿಂದ 25: ಮಳೆ ಬೇಗ ಬಂತು

ಜಿಂಕ್ ಪ್ರೈಮರ್, ಬೆಸುಗೆಯ ಸಾಲಿಗೆ ಸೀಲರ್, ಅಡಿಗೆ ಡಾಂಬರಿನಂಥ ಕಪ್ಪು ಅಂಡರ್‌ಕೋಟ್. ಪ್ರೈಮರ್ 18ಕ್ಕೆ ಹೊಡೆದೆ. ಅಂಡರ್‌ಕೋಟ್ ಮುಂದಿನ ವಾರ ನಿಧಾನಕ್ಕೆ ಅಂತ ಬಿಟ್ಟೆ. ಪತ್ತನಾಜೆ (ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಆಚರಣೆ) ಕಳೆದ ಮೇಲೆ ಅಲ್ವಾ ಮಳೆ, ದಿನ ಉಂಟು ಅಂದುಕೊಂಡೆ. ಆದರೆ 2025ರಲ್ಲಿ ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂತು, 2009ರ ನಂತರ ಇಷ್ಟು ಬೇಗ ಬಂದಿರಲಿಲ್ಲ. ನಮ್ಮಲ್ಲಿ ಅದಕ್ಕೂ ಮೊದಲೇ ಸುರಿಯಲು ಶುರುವಾಗಿತ್ತು.

ಗಡಿಬಿಡಿಯಲ್ಲಿ ಮಳೆ ಬಿಟ್ಟ ಎರಡು ಗಂಟೆಯಲ್ಲಿ ಅಂಡರ್‌ಕೋಟ್ ಹೊಡೆದೆ. ಬಟ್ಟೆಯಲ್ಲಿ ಒರೆಸಿದ್ದೆ, ಒಣಗಿದೆ ಅನ್ನಿಸಿತ್ತು. ಮೂರನೇ ದಿನ ಉಗುರಿನಿಂದ ಎತ್ತಿದರೆ ದೋಸೆಯ ಹಾಗೆ ಎದ್ದು ಬಂತು. ಅಡಿಯಲ್ಲಿ ತೇವ. ಪೂರ್ತಿ ಕೆರೆದು ತೆಗೆದೆ. ನೆರೆಮನೆಯವರ ಅಡಿಕೆ ಕೊಟ್ಟಿಗೆಯಲ್ಲಿ ಕಾರು ನಿಲ್ಲಿಸಿ, ಒಂದು ರಾತ್ರಿ ಟೇಬಲ್ ಫ್ಯಾನ್ ಅಡಿಗೆ ಇಟ್ಟೆ. ಬೆಳಿಗ್ಗೆ 200 ವ್ಯಾಟ್ ಬಲ್ಬಿನಿಂದ ಕಾಯಿಸಿ ಮತ್ತೆ ಹೊಡೆದೆ. ಒಟ್ಟು ಸಾಮಾನು 2,150 ರೂ., ಅದರಲ್ಲಿ ಎರಡನೇ ಡಬ್ಬದ 650 ರೂ. ಸುಮ್ನೆ ಹೋದದ್ದು. ಹೊಸ ಫೆಲ್ಟ್ 900 ರೂ. ಅದನ್ನು ಅಂಟಿಸಲಿಲ್ಲ, ಎತ್ತಿ ನೋಡಲು ಆಗುವ ಹಾಗೆ ಸುಮ್ಮನೆ ಹಾಸಿದ್ದೇನೆ.

ಜೂನ್ 1: ಎಮಿಷನ್

ನಮ್ಮದು ಬಿಎಸ್-3 ಪೆಟ್ರೋಲ್. ಹೊಗೆಯಲ್ಲಿ ಮಿತಿ ಸಿಓ (ಕಾರ್ಬನ್ ಮಾನಾಕ್ಸೈಡ್) ಶೇ. 0.5, ಎಚ್‌ಸಿ (ಹೈಡ್ರೋಕಾರ್ಬನ್) 750 ಪಿಪಿಎಂ. ಮೊದಲ ಸಲ ಸಿಓ 0.86 ಬಂತು. ಮನೆಯಿಂದ ಎರಡೇ ನಿಮಿಷದ ದಾರಿ, ಎಂಜಿನ್ ತಣ್ಣಗಿತ್ತು. ಏರ್ ಫಿಲ್ಟರ್ ಬದಲಿಸಿದೆ, 220 ರೂ. ಮೂರು ಪ್ಲಗ್, 360 ರೂ. ಥ್ರಾಟಲ್ ಬಾಡಿ ಕ್ಲೀನಿಂಗ್ 400 ರೂ. ಆಮೇಲೆ ಪಡುಬಿದ್ರೆವರೆಗೆ ಹೋಗಿ ಬಂದು, ಎಂಜಿನ್ ಬಿಸಿ ಇರುವಾಗಲೇ ಟೆಸ್ಟಿಗೆ ನಿಲ್ಲಿಸಿದೆ. 0.29, ಎಚ್‌ಸಿ 212. ಎಂಜಿನ್ ವಿಷಯ ಇಷ್ಟಕ್ಕೇ ಮುಗಿಯಿತು. ಸೈಲೆನ್ಸರ್ ಒಳಗಿನ ಕನ್ವರ್ಟರ್ ಬಿಸಿಯಾದರೆ ಮಾತ್ರ ಕೆಲಸ ಮಾಡುತ್ತದೆ, ಅದಕ್ಕೆ ತಣ್ಣನೆ ಗಾಡಿ ತೆಗೆದುಕೊಂಡು ಹೋಗಬೇಡಿ.

ಜೂನ್ 8: ಅರ್ಜಿ, ಚಾಸಿಸ್ ನಂಬರ್

ಆರ್‌ಸಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು. ಫಾರ್ಮ್ 25. ಕಾರಿಗೆ ಫೀ 5,000 ರೂ. 2022ರ ಏಪ್ರಿಲ್‌ಗಿಂತ ಮೊದಲು ಇದು 600 ಇತ್ತು. ತಡವಾದರೆ ತಿಂಗಳಿಗೆ 500 ದಂಡ. ಹಸಿರು ತೆರಿಗೆ, ಕಾರ್ಡಿನ ದುಡ್ಡು ಬೇರೆ. ಇನ್ಶೂರೆನ್ಸ್ ಇತ್ತು, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಿಂದಿನ ವರ್ಷವೇ ಹಾಕಿಸಿದ್ದೆ.

ಚಾಸಿಸ್ ನಂಬರಿನ ಪೆನ್ಸಿಲ್ ಪ್ರಿಂಟ್ ಬೇಕು. ಬಾನೆಟ್ ಎತ್ತಿ ನೋಡಿದರೆ ನಂಬರಿನ ಮೇಲೆ ತುಕ್ಕು ಕೂತು ಎರಡು ಅಂಕಿ ಓದಲು ಆಗುತ್ತಿರಲಿಲ್ಲ. ತಂತಿ ಬ್ರಷ್ ಕೈಗೆ ತೆಗೆದುಕೊಂಡೆ. ಬಾವ ಕೈ ಹಿಡಿದರು. ಅಲ್ಲಿ ಗೀರು ಬಿದ್ದರೆ ನಂಬರ್ ತಿದ್ದಿದ ಹಾಗೆ ಕಾಣುತ್ತದೆ, ಆಮೇಲೆ ಯಾವ ಆಫೀಸಿನಲ್ಲೂ ಕೇಳುವುದಿಲ್ಲ ಅಂದರು. ಅವರ ಕ್ರಮ ಇದು: ಸೀಮೆಎಣ್ಣೆ ಅದ್ದಿದ ಬಟ್ಟೆ ಅರ್ಧ ಗಂಟೆ ಇಟ್ಟು, ಹಳೆಯ ಟೂತ್‌ಬ್ರಷ್‌ನಲ್ಲಿ ಒಂದೇ ದಿಕ್ಕಿಗೆ ಮೆಲ್ಲ ಉಜ್ಜುವುದು. ಮೂರು ಸಲ ಮಾಡಿದ ಮೇಲೆ ಅಂಕಿಗಳು ಒಂದೊಂದಾಗಿ ಎದ್ದವು. ತೆಳು ಕಾಗದ ಇಟ್ಟು, ಪೆನ್ಸಿಲ್ ಓರೆ ಹಿಡಿದು ಉಜ್ಜಿದೆ. ಕಪ್ಪು ನಡುವೆ ಬಿಳಿಯಾಗಿ 17 ಅಕ್ಷರವೂ ಬಂತು. ನಂತರ ಸ್ವಲ್ಪ ಗ್ರೀಸ್ ಸವರಿದೆ.

ಜೂನ್ 12: ಮೊದಲ ಸಲ, ಫೇಲ್

ಆರ್‌ಟಿಒ ಸಾಲಿನಲ್ಲಿ ಒಂದೂವರೆ ಗಂಟೆ, ನೋಡಿದ್ದು ಎಂಟು ಹತ್ತು ನಿಮಿಷ. ಇನ್ಸ್‌ಪೆಕ್ಟರ್ ಮೊದಲು ಬಗ್ಗಿ ರನ್ನಿಂಗ್ ಬೋರ್ಡ್ ಅಡಿಗೆ ಬೆರಳಿನ ಗಂಟಿನಿಂದ ತಟ್ಟಿದರು. “ವೆಲ್ಡ್ ಮಾಡಿಸಿದ್ದಾ?” ಅಂದರು. ಹೌದು ಸಾರ್ ಅಂದೆ. ತಲೆ ಆಡಿಸಿ ಮುಂದೆ ಹೋದರು. ನನಗೆ ಅಲ್ಲೇ ಅರ್ಧ ಗೆದ್ದ ಹಾಗಾಯಿತು.

ಆಮೇಲೆ ಮೂರು ತಪ್ಪು ಸಿಕ್ಕಿದವು.

ಹ್ಯಾಂಡ್ ಬ್ರೇಕ್ ಎಳೆದು ಫಸ್ಟ್ ಗಿಯರ್‌ನಲ್ಲಿ ಬಿಡಲು ಹೇಳಿದರು. ಬಲಚಕ್ರ ಹಿಡಿಯಿತು, ಎಡಚಕ್ರ ತಿರುಗಿತು. ಎಡ ಹೆಡ್‌ಲೈಟ್ ಮಂಕು, ಬೆಳಕು ಚೆದುರುತ್ತಿದೆ. 2021ರಲ್ಲಿ ನಾನೇ ಹಾಕಿಸಿದ್ದ ಎಲ್‌ಇಡಿ ಬಲ್ಬ್‌ಗಳವು. ಮೂರನೆಯದು ಹಿಂದಿನ ನಂಬರ್ ಪ್ಲೇಟಿನ ಲೈಟು. 20 ರೂಪಾಯಿಯ ಬಲ್ಬ್. ಇದು ಉರಿಯುತ್ತದಾ ಅಂತ ನಾನು ಒಂದು ಸಲವೂ ಕಾರಿನ ಹಿಂದೆ ಹೋಗಿ ನೋಡಿರಲಿಲ್ಲ.

ಜೂನ್ 14, 15: ಡ್ರಮ್ ಬಿಚ್ಚಿದ್ದು

ಏಪ್ರಿಲ್‌ನಲ್ಲೇ ಮಾಡಬೇಕಿದ್ದ ಕೆಲಸ. ಎಡ ಡ್ರಮ್ ಬಿಚ್ಚಲು ಎರಡು ಗಂಟೆ ಹಿಡಿಯಿತು, ತುಕ್ಕಿನಿಂದ ಅಂಟಿಕೊಂಡಿತ್ತು. ಡ್ರಮ್ಮಿನಲ್ಲಿರುವ ಎರಡು ತೂತಿಗೆ 8 ಎಂಎಂ ಬೋಲ್ಟ್ ಹಾಕಿ ಒಂದೊಂದೇ ಸುತ್ತು ಬಿಗಿ ಮಾಡುತ್ತಾ ಹೋದ ಮೇಲೆ ಹೊರಗೆ ಬಂತು. ಒಳಗೆ ವೀಲ್ ಸಿಲಿಂಡರ್ ಲೀಕ್ ಆಗಿ ಬ್ರೇಕ್ ಆಯಿಲ್ ಶೂ ಮೇಲೆಲ್ಲ ಹರಡಿತ್ತು. ಹಿಡಿಯುವುದಾದರೂ ಹೇಗೆ?

ಬಲಗಡೆ ಬೇರೆ ಕತೆ. ನಾನು ಕೇಬಲ್ ಬಿಗಿ ಮಾಡಿದ್ದರಿಂದ ಶೂ ಪೂರ್ತಿ ಹಿಂದೆ ಬರುತ್ತಲೇ ಇರಲಿಲ್ಲ. ತಾನಾಗಿ ಅಡ್ಜಸ್ಟ್ ಆಗುವ ಭಾಗವೂ ಕೆಲಸ ಮಾಡಿಲ್ಲ. ಲೈನರ್ ಉಜ್ಜಿ ಉಜ್ಜಿ ಡ್ರಮ್ ನೀಲಿಯಾಗಿತ್ತು. ಮೇ ತಿಂಗಳಲ್ಲಿ ಅಮ್ಮ ಎರಡು ಸಲ “ಏನೋ ಸುಟ್ಟ ವಾಸನೆ” ಅಂದಿದ್ದರು. ಅಂಡರ್‌ಕೋಟ್ ವಾಸನೆ ಅಂತ ನಾನು ತಳ್ಳಿಹಾಕಿದ್ದೆ. ಲೀಕ್ ಆಗುತ್ತಿದ್ದ ಬ್ರೇಕ್, ಬಿಸಿಯಾಗುತ್ತಿದ್ದ ಡ್ರಮ್, ಅದರಲ್ಲಿ ಅಮ್ಮ ಎರಡು ತಿಂಗಳು ಓಡಾಡಿದ್ದಾರೆ. ಇದನ್ನು ಬರೆಯುವಾಗಲೂ ಕಷ್ಟ ಆಗುತ್ತದೆ.

ಮೆಕ್ಯಾನಿಕ್ ಅಣ್ಣ ಬಂದು ಮುಗಿಸಿದರು. ವೀಲ್ ಸಿಲಿಂಡರ್ ಎರಡು, 960 ರೂ. ಬ್ರೇಕ್ ಶೂ ಸೆಟ್ 780. ಆಯಿಲ್ 250. ಕೂಲಿ 900. ಕೇಬಲ್ ಪೂರ್ತಿ ಸಡಿಲ ಮಾಡಿ, ಮೊದಲು ಶೂ ಸರಿ ಕೂರಿಸಿ, ಇಪ್ಪತ್ತು ಸಲ ಪೆಡಲ್ ಒತ್ತಿ, ಕೊನೆಗೆ ಕೇಬಲ್. ಈ ಕ್ರಮ ತಪ್ಪಬಾರದು ಅಂದರು. 6 ಕ್ಲಿಕ್. ಮಣಿಪಾಲದ ಏರಿನಲ್ಲಿ ಮಳೆಯಲ್ಲೇ ನಿಲ್ಲಿಸಿ ಕಾಲು ತೆಗೆದೆ. ಅಲುಗಲಿಲ್ಲ.

ಹೆಡ್‌ಲೈಟಿಗೆ ಎಚ್4, 60/55 ವ್ಯಾಟ್ ಸಾದಾ ಹ್ಯಾಲೊಜನ್, ಎರಡಕ್ಕೆ 320 ರೂ. ಹಳದಿಯಾದ ಗಾಜಿಗೆ 800, 1500, 2000 ನಂಬರಿನ ನೀರು ಕಾಗದ, ನಂತರ ರಬ್ಬಿಂಗ್ ಕಾಂಪೌಂಡ್, ಎಲ್ಲ ಸೇರಿ 410 ರೂ. ರಾತ್ರಿ ಕಾಂಪೌಂಡ್ ಗೋಡೆಯಿಂದ 5 ಮೀಟರ್ ದೂರ ನಿಲ್ಲಿಸಿ ಎರಡೂ ಬೆಳಕು ಸಮ ಬೀಳುವ ಹಾಗೆ ಸ್ಕ್ರೂ ತಿರುಗಿಸಿದೆ. ಗೋಡೆಯ ಪಾಚಿಯ ಮೇಲೆ ಗೆರೆ ಸ್ಪಷ್ಟ ಕಂಡಿತು.

ಜೂನ್ 19: ಪಾಸ್

ಮೂರನ್ನೂ ನೋಡಿದರು, ಸಹಿ ಹಾಕಿದರು. ಆರ್‌ಸಿ 2030ರ ಜುಲೈವರೆಗೆ.

ರಿಪೇರಿ ಖರ್ಚು 22,210 ರೂ. ಇದರಲ್ಲಿ ಪುಟ್ಟಿ, ಮೊದಲ ವೆಲ್ಡಿಂಗ್, ಎರಡನೇ ಡಬ್ಬ ಸೇರಿ 2,490 ರೂ. ನನ್ನ ತಪ್ಪಿನಿಂದ ಹೋದದ್ದು. ನೆಲಕ್ಕೇ 11,690 ರೂ. ಎಂಜಿನ್‌ಗೆ 980 ರೂ. ಕರಾವಳಿಯಲ್ಲಿ ಹಳೆಯ ಕಾರು ತೆಗೆದುಕೊಳ್ಳುವವರು ಎಂಜಿನ್ ಶಬ್ದ ಕೇಳುವ ಮೊದಲು ಮ್ಯಾಟ್ ಎತ್ತಿ. ಡ್ರಮ್ ಬಿಚ್ಚಿಸಿ. ಹಿಂದೆ ಹೋಗಿ ನಿಂತು ಎಲ್ಲ ಲೈಟ್ ನೋಡಿ. ನಾನು 2017ರಲ್ಲಿ ನೋಡಿದ್ದು ಎಂಜಿನ್ ಮತ್ತು ಸ್ಟೀರಿಯೊ. ಕಾರಿಗೆ 20 ವರ್ಷ ದಾಟಿದ ಮೇಲೆ ಆರ್‌ಸಿ ಫೀ 10,000 ರೂ. ಅಂತ 2025ರ ಆಗಸ್ಟಿನಲ್ಲಿ ಆಗಿದೆ, ಅದನ್ನೂ ಲೆಕ್ಕ ಹಾಕಿಕೊಳ್ಳಿ.

ಜುಲೈ 27, ಆಟಿ ತಿಂಗಳ ಮಳೆ

ನಾಲ್ಕು ದಿನ ಬಿಡದೆ ಸುರಿದ ಮೇಲೆ ಫೆಲ್ಟ್ ಎತ್ತಿ ಕೈ ಆಡಿಸಿದೆ. ಡ್ರೈವರ್ ಬದಿ, ರನ್ನಿಂಗ್ ಬೋರ್ಡ್, ಸೀಟಿನ ಕೆಳಗೆ ಒಣಗಿದೆ. ಕ್ಲಚ್ ಕೇಬಲ್ ಒಳಗೆ ಬರುವ ಮೂಲೆಯಲ್ಲಿ ಮಾತ್ರ ನಾಲ್ಕು ಬೆರಳಿನಷ್ಟು ಜಾಗ ತಣ್ಣಗಿದೆ. ನೀರು ಇಲ್ಲ, ತೇವ. ಕೇಬಲ್ ಸುತ್ತಲಿನ ರಬ್ಬರ್ ಬಿರಿದಿರಬೇಕು. ರಬ್ಬರ್ ಮಂಗಳೂರಿನಿಂದ ತರಿಸಲು ಹೇಳಿದ್ದೇನೆ. ಅಲ್ಲಿವರೆಗೆ ಆ ಮೂಲೆಗೆ ಹಳೆಯ ಪೇಪರ್ ಇಟ್ಟು, ಪ್ರತಿ ರಾತ್ರಿ ಬದಲಿಸುತ್ತಿದ್ದೇನೆ.